ಠಣಕ್ಕ ತಳ್ಳಿದ ಹಂಚು

ಠಣಕ್ಕ ನಮ್ಮ ಮನೆಗೆ ಬರುತ್ತಾಳೆಂದು ಗೊತ್ತಾದರೆ ನನ್ನ ಹೆಂಡತಿ ಮೊದಲು ಪಿಂಗಾಣಿ ಬಟ್ಟಲುಗಳನ್ನು ಕಪಾಟಿನೊಳಗೆ ಬಚ್ಚಿಡುತ್ತಾಳೆ. ಠಣಕ್ಕ ಒಡೆಯುತ್ತಾಳೆಂದಲ್ಲ, ಬಡಿಯುತ್ತಾಳೆ. ಕೈಗೆ ಸಿಕ್ಕ ಬಟ್ಟಲನ್ನು ಉಗುರಿನಿಂದ ಒಮ್ಮೆ ತಟ್ಟಿ, ತಲೆ ಓರೆಮಾಡಿ, "ಇದರಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಬಿಸಾಕು" ಎಂದು ತೀರ್ಪು ಕೊಟ್ಟು ಮುಂದಿನ ಬಟ್ಟಲಿಗೆ ಕೈಹಾಕುತ್ತಾಳೆ. ನಮಗೆ ಯಾರಿಗೂ ಆ ಬಿರುಕು ಕಾಣುವುದಿಲ್ಲ. ಆದರೆ ಅವಳ ಬಾಯಿಂದ ಮಾತು ಬಿದ್ದ ಮೇಲೆ ಅದರಲ್ಲಿ ಚಹಾ ಕುಡಿಯುವ ಧೈರ್ಯವೂ ಬರುವುದಿಲ್ಲ. ಹೀಗೆ ನಮ್ಮ ಮನೆಯ ಆರು ಬಟ್ಟಲು ನಾಲ್ಕಾದವು.

ಸುಮ್ಮನೆ ಕೂರುವುದು ಅವಳ ಹಣೆಯಲ್ಲಿ ಬರೆದಿಲ್ಲ. ಬಸ್ಸಿಗೆ ಕಾಯುವಾಗ ಕಂಬ ತಟ್ಟುತ್ತಾಳೆ. ಯಾರದಾದರೂ ಹೊಸ ಮನೆ ನೋಡಲು ಹೋದರೆ ಗೋಡೆ ತಟ್ಟಿ ಮನೆಯವರ ನಿದ್ದೆ ಕೆಡಿಸಿ ಬರುತ್ತಾಳೆ. ಒಮ್ಮೆ ಗಂಡನ ಬೋಳುತಲೆಯನ್ನೇ ತಟ್ಟಿ, "ಒಳಗೆ ಏನೂ ಇಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಠಣ್ ಅನ್ನತ್ತೆ" ಎಂದದ್ದು ಕಾರ್ಖಾನೆಯಲ್ಲೆಲ್ಲ ಹಬ್ಬಿ, ಆ ಬಡಪಾಯಿ ಒಂದು ವಾರ ತಲೆಗೆ ಟವೆಲ್ಲು ಸುತ್ತಿಕೊಂಡು ಓಡಾಡಿದ.

ಕಾರ್ಖಾನೆಯೆಂದರೆ ಹಂಚಿನ ಕಾರ್ಖಾನೆ. ನಾನು ಅಲ್ಲಿಯ ಗುಮಾಸ್ತ. ಮಣ್ಣು ಕಲಸಿ, ಅಚ್ಚೊತ್ತಿ, ಒಣಗಿಸಿ, ಭಟ್ಟಿಯಲ್ಲಿ ಸುಟ್ಟು, ತಣಿಸಿ ಹೊರತೆಗೆದ ಪ್ರತಿಯೊಂದು ಹಂಚೂ ಕೊನೆಗೆ ಬಂದು ನಿಲ್ಲುವುದು ಠಣಕ್ಕನ ಮುಂದೆ. ಎಡಗೈಯಿಂದ ಹಂಚಿನ ಒಂದು ಮೂಲೆ ಹಿಡಿದು ತೂಗಬಿಟ್ಟು, ಬಲಗೈಯಲ್ಲಿರುವ ಗೇಣುದ್ದದ ಕಬ್ಬಿಣದ ಸುತ್ತಿಗೆಯಿಂದ ಒಂದೇ ಪೆಟ್ಟು. ಠಣ್ ಎಂದರೆ ಬಲಕ್ಕೆ. ಅದು ಯಾರದೋ ಮನೆಯ ಮೇಲೆ ಹೋಗಿ ಕೂರುತ್ತದೆ. ಡಬ್ ಎಂದರೆ ಎಡಕ್ಕೆ. ಒಳಗೆಲ್ಲೋ ಬಿರುಕಿದೆ, ಅದು ಅಂಗಳದ ರಾಶಿಗೆ. ತಿಂಗಳ ಕೊನೆಗೆ ಒಂದು ಪುಡಿ ಯಂತ್ರ ಬಂದು ಆ ರಾಶಿಯನ್ನೆಲ್ಲ ನುಂಗಿ ಪುಡಿಮಾಡಿ ಹೋಗುತ್ತದೆ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಇದನ್ನೇ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ನಾನೇ ಬರೆದದ್ದು, ಆದರೂ ನನಗೆ ನೆನಪಿಲ್ಲ.

ಈ ಕೆಲಸ ಅವಳಿಗೆ ಕಲಿಸಿದವಳು ಒಬ್ಬ ಮುದುಕಿ. ಮೂರು ತಿಂಗಳು ಸುತ್ತಿಗೆಯನ್ನೇ ಮುಟ್ಟಗೊಡದೆ, ಹಂಚಿಗೆ ಬೆನ್ನು ತಿರುಗಿಸಿ ಕೂರಿಸಿದ್ದಳಂತೆ. "ನೋಡಬೇಡ. ನೋಡೋಕೆ ಶುರು ಮಾಡಿದ್ರೆ ಕೇಳೋದು ಬಿಟ್ಟುಬಿಡ್ತೀಯ." ಮೂರು ತಿಂಗಳಾದ ಮೇಲೆ ಮುದುಕಿ ತನ್ನ ಸುತ್ತಿಗೆಯನ್ನು ಇವಳ ಕೈಗಿಟ್ಟಳು. ಮೊದಲ ವಾರವೇ ಇವಳು ನೂರಕ್ಕೆ ಮೂವತ್ತು ಹಂಚು ತಳ್ಳಿದಳು. ಹಂಚು ಸುಟ್ಟ ಭಟ್ಟಿ ಮೇಸ್ತ್ರಿ ಮೈಯೆಲ್ಲ ಬೂದಿಯಾಗಿ ಜಗಳಕ್ಕೆ ಬಂದ. ಇವಳು ಒಂದೊಂದೇ ಹಂಚನ್ನು ಮುರಿದು ಒಳಗಿನ ಬಿರುಕು ತೋರಿಸಿದಳು. ಜಗಳ ಮುಗಿಯಲಿಲ್ಲ, ಮದುವೆಯಾಯಿತು.

ಆವತ್ತಿನಿಂದ ಕಾರ್ಖಾನೆಯಲ್ಲಿ ಒಂದು ಕಟ್ಟಳೆ: ಠಣಕ್ಕ ತಳ್ಳಿದ ಹಂಚನ್ನು ಇನ್ನೊಬ್ಬರು ಬಡಿಯಕೂಡದು. ಯಾರೂ ಬರೆದು ಅಂಟಿಸಿರಲಿಲ್ಲ. ಒಂದು ಸಲ ಹಿಂದಿನ ಗುಮಾಸ್ತ ಕುತೂಹಲಕ್ಕೆ ರಾಶಿಯಿಂದ ಒಂದು ಹಂಚೆತ್ತಿ ಬಡಿದನಂತೆ. ಠಣಕ್ಕ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಮಾಲೀಕರೇ ಮನೆಗೆ ಹೋಗಿ ಕರೆತರಬೇಕಾಯಿತು.

ಹೋದ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಬೆಳಕು ಕಡಿಮೆಯಾಗತೊಡಗಿತು. ಕನ್ನಡಕ ಒರೆಸಿಕೊಂಡೆ. ಕಣ್ಣಿನ ವೈದ್ಯರ ಬಳಿ ಹೋಗಿ ಬಂದೆ. ಹೊಸ ಕನ್ನಡಕ ಹಾಕಿಕೊಂಡು ಬಂದು ಕೂತಾಗ ಗೊತ್ತಾಯಿತು, ಕತ್ತಲಾದದ್ದು ಕಿಟಕಿ. ಹೊರಗೆ ಅಂಗಳದ ರಾಶಿ ಕಿಟಕಿಯ ಮೂರನೆಯ ಸರಳಿನವರೆಗೆ ಬಂದಿತ್ತು. ಮೊದಲೆಲ್ಲ ತಿಂಗಳ ಕೊನೆಗೂ ಅದು ಮೊಣಕಾಲು ದಾಟುತ್ತಿರಲಿಲ್ಲ.

ನನಗೆ ಕಂಡದ್ದು ಮಾಲೀಕರಿಗೂ ಕಂಡಿತು. ಅವರು ಹಂಚು ಪರೀಕ್ಷಿಸುವ ಶೈಲಿಯೇ ಬೇರೆ. ರಾಶಿಯಿಂದ ಒಂದನ್ನು ಎತ್ತಿಸಿ, ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಹಣೆಗೇರಿಸಿ, ಮೂಸಿ ನೋಡಿ, "ಹೂಂ" ಎನ್ನುತ್ತಾರೆ. ಆ ಹೂಂ ಎಂಬುದಕ್ಕೆ ಏನರ್ಥವೆಂದು ಇವತ್ತಿನವರೆಗೆ ಯಾರಿಗೂ ಗೊತ್ತಾಗಿಲ್ಲ. ಅವರಿಗೆ ಗೊತ್ತಿರಬಹುದೆಂದು ನಾವೆಲ್ಲ ನಂಬಿದ್ದೇವೆ. ಆ ದಿನ ಎರಡು ಸಲ ಹೂಂ ಎಂದು, ಮೇಸ್ತ್ರಿಯನ್ನು ಕರೆಸಿದರು.

"ಏನ್ರೀ ಮೇಸ್ತ್ರಿ, ಹಂಚು ಸುಡ್ತಿದ್ದೀರೋ, ನನ್ನ ಹೊಟ್ಟೆ ಉರಿಸ್ತಿದ್ದೀರೋ?"

"ಭಟ್ಟಿ ಸರಿಯಾಗೇ ಇದೆ ಸಾರ್."

"ಹಾಗಾದ್ರೆ ಈ ಗುಡ್ಡ ಎಲ್ಲಿಂದ ಬಂತು? ನಿಮ್ಮ ಮಾವನ ಮನೆಯಿಂದ ಬಂತಾ?"

ಮೇಸ್ತ್ರಿ ಹೆಂಡತಿಯತ್ತ ನೋಡಿದ. "ಅದನ್ನ ಅವಳನ್ನೇ ಕೇಳಿ."

ಠಣಕ್ಕ ಸುತ್ತಿಗೆಯಿಂದ ತನ್ನ ತೊಡೆಯನ್ನು ತಟ್ಟುತ್ತ ಮುಂದೆ ಬಂದಳು. "ನನ್ನನ್ನೇನು ಕೇಳೋದು? ನಾನು ಬಡೀತೀನಿ, ಹಂಚು ಹೇಳತ್ತೆ. ಮೊದಲಿನ ಹದ ಇಲ್ಲ. ಇವರು ಬೆಂಕಿ ಮುಂದೆ ಕೂತು ನಿದ್ದೆ ಹೊಡೀತಾರೋ ಏನೋ."

"ನಾನು ನಿದ್ದೆ ಹೊಡೀತೀನಾ?"

"ಮನೇಲಿ ಹೊಡೆಯೋದು ನೋಡಿ ಹೇಳ್ತಿದ್ದೀನಿ."

ಎಲ್ಲರೂ ನಕ್ಕರು. ಮಾಲೀಕರು ನಗಲಿಲ್ಲ. "ಇವತ್ತಿಗೆ ಇನ್ನು ಹತ್ತೊಂಬತ್ತು ದಿನಕ್ಕೆ ಪುಡಿ ಯಂತ್ರ ಬರತ್ತೆ. ಅಷ್ಟರಲ್ಲಿ ತಳ್ಳೋ ಹಂಚು ಅರ್ಧಕ್ಕೆ ಇಳೀಬೇಕು. ಇಲ್ಲದಿದ್ರೆ ಭಟ್ಟಿಗೆ ಬೇರೆ ಮೇಸ್ತ್ರಿ. ಒಬ್ಬನ್ನ ಮಾತಾಡಿ ಇಟ್ಟಿದ್ದೀನಿ" ಎಂದು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಗಂಭೀರವಾದ ಮಾತು ಹೇಳಿದ ಮೇಲೆ ಅವರಿಗೆ ಕೊಡೆ ಬೇಕೇ ಬೇಕು.

ಠಣಕ್ಕನ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ಎಲ್ಲರ ನಗು ನಿಂತು ಎಷ್ಟೋ ಹೊತ್ತಾದ ಮೇಲೆ, ಅವರಿವರ ಮುಖ ನೋಡಿ, ಪಕ್ಕದವಳನ್ನು "ಏನಂದ್ರು?" ಎಂದು ಕೇಳಿದಳು. ಪಕ್ಕದವಳು ಕಿವಿಯ ಬಳಿ ಬಾಯಿಟ್ಟು ಹೇಳಿದಳು. ನಗು ಹೋಯಿತು.

ಆ ಹತ್ತೊಂಬತ್ತು ದಿನ ಕಾರ್ಖಾನೆಯಲ್ಲಿ ಯಾರೂ ನೆಟ್ಟಗೆ ಕೂತದ್ದಿಲ್ಲ. ಮೇಸ್ತ್ರಿ ಭಟ್ಟಿಯ ಸುತ್ತ ಗಾಣದೆತ್ತಿನಂತೆ ಸುತ್ತಿದ. ಸೌದೆ ಬದಲಿಸಿದ. ಬೆಂಕಿಯನ್ನು ಅರ್ಧ ದಿನ ಹೆಚ್ಚು ಉರಿಸಿದ. ಬಾಗಿಲು ಒಂದು ದಿನ ತಡವಾಗಿ ತೆಗೆದ. ಹಂಚು ಚಿನ್ನದ ಬಣ್ಣಕ್ಕೆ ಬಂತು. ಠಣಕ್ಕ ಬಡಿದಳು. ಡಬ್. ಎಡಕ್ಕೆ.

"ಸ್ವಲ್ಪ ನೋಡಿ ತಳ್ಳಿ ಅಕ್ಕ" ಎಂದು ನಾನೇ ಒಂದು ದಿನ ಮೆಲ್ಲಗೆ ಹೇಳಿದೆ. "ನಿಮ್ಮ ಮನೆಯವರ ಕೆಲಸದ ಪ್ರಶ್ನೆ."

"ಅಂದ್ರೆ ಡಬ್ ಅಂದದ್ದನ್ನ ಠಣ್ ಅನ್ನಬೇಕಾ? ನಾಳೆ ಅದು ಒಡೆದು ತೊಟ್ಟಿಲಲ್ಲಿ ಮಲಗಿರೋ ಮಗು ಮೇಲೆ ಬೀಳತ್ತೆ. ನೀವು ಹೋಗಿ ಸಮಾಧಾನ ಮಾಡ್ತೀರಾ ಗುಮಾಸ್ತರೇ, ನಿಮ್ಮ ಲೆಡ್ಜರ್ ತಗೊಂಡು?"

ನಾನು ಲೆಡ್ಜರಿನ ಕಡೆಗೆ ಮರಳಿದೆ.

ಅವರ ಮನೆ ನಮ್ಮ ಮನೆಯಿಂದ ಎರಡನೆಯದು. ಮಗಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಪ್ಪ ಅಮ್ಮ ಮಾತು ಬಿಟ್ಟ ಮೇಲೆ ಅವಳಿಗೆ ಅಂಚೆಯವನ ಕೆಲಸವೂ ಬಂತು. "ಅಪ್ಪನಿಗೆ ಹೇಳು, ಊಟ ಬಡಿಸಿದೆ." "ಅಮ್ಮನಿಗೆ ಹೇಳು, ಹಸಿವಿಲ್ಲ." "ಅಪ್ಪನಿಗೆ ಹೇಳು, ಹಸಿವಿಲ್ಲದವರು ಅಡುಗೆಮನೆಗೆ ಬಂದು ಪಾತ್ರೆ ಮುಚ್ಚಳ ಯಾಕೆ ತೆಗೆದು ನೋಡಬೇಕು?" ಎಲ್ಲವೂ ಒಂದೇ ಕೋಣೆಯಲ್ಲಿ, ಮೂರಡಿ ದೂರದಲ್ಲಿ. ಹುಡುಗಿ ನನ್ನ ಹೆಂಡತಿಯ ಬಳಿ ಬಂದು ಗೋಳಾಡಿದಳು.

"ಜಗಳ ಇರಲಿ ಚಿಕ್ಕಮ್ಮ, ಅದು ಅವರಿಗೆ ಊಟ ಇದ್ದ ಹಾಗೆ. ಆದ್ರೆ ಅಮ್ಮನ್ನ ನೋಡಿದ್ರೆ ಭಯ ಆಗತ್ತೆ. ಕುಕ್ಕರು ಕೂಗಿ ಕೂಗಿ ನೀರು ಆರಿದ್ರೂ ಪಕ್ಕದಲ್ಲೇ ನಿಂತಿರ್ತಾಳೆ. ಟೀವಿ ಸದ್ದಿಗೆ ನನ್ನ ಮಿಷನ್ನು ನಡುಗತ್ತೆ. ಹೇಳಿದ್ರೆ, 'ನೀವೆಲ್ಲ ಬಾಯೊಳಗೇ ಮಾತಾಡ್ತೀರ, ಬಾಯಿ ಬಿಚ್ಚಿ ಮಾತಾಡೋಕೇನು ರೋಗ' ಅಂತಾಳೆ."

ಇದನ್ನು ಕೇಳಿದ ಮೇಲೆ ನಾನೂ ಗಮನಿಸತೊಡಗಿದೆ. ಠಣಕ್ಕ ಈಚೆಗೆ ವಿಪರೀತ ಮಾತಾಡುತ್ತಿದ್ದಳು. ಎದುರಿನವರಿಗೆ ಬಾಯಿ ತೆರೆಯಲು ಬಿಡುತ್ತಿರಲಿಲ್ಲ. ನಾವು ಅದನ್ನು ವಯಸ್ಸಿನ ಠೀವಿ ಎಂದುಕೊಂಡಿದ್ದೆವು. ತಾನೇ ಮಾತಾಡುತ್ತಿದ್ದರೆ ಬೇರೆಯವರ ಮಾತು ಕೇಳಿಸಿಕೊಳ್ಳುವ ತಾಪತ್ರಯವಿಲ್ಲ ಎಂಬ ಉಪಾಯ ಅದಾಗಿತ್ತೋ ಏನೋ. ಚಹಾದ ಹೊತ್ತಿನಲ್ಲಿ ಗೋಡೆಗೆ ಬೆನ್ನುಕೊಟ್ಟು, ಎಲ್ಲರ ಬಾಯಿ ಕಾಣುವ ಹಾಗೆ ಕೂರುತ್ತಿದ್ದಳು. ಯಾರಾದರೂ ತಮಾಷೆ ಮಾಡಿದರೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಮತ್ತು ಆ ತಟ್ಟುವಿಕೆ! ಮೊದಲು ಒಂದು ಸಲ ತಟ್ಟಿ ಬಿಡುತ್ತಿದ್ದವಳು ಈಗ ಒಂದೇ ಕಂಬವನ್ನು ಮೂರು ಸಲ ತಟ್ಟುತ್ತಿದ್ದಳು. ಕಂಬ ಪರೀಕ್ಷಿಸುತ್ತಿದ್ದಾಳೆಂದು ನಾವು ತಿಳಿದಿದ್ದೆವು.

ಅವಳ ಕೈಕೆಳಗೆ ಕೆಲಸ ಕಲಿಯಲು ಎರಡು ತಿಂಗಳ ಹಿಂದೆ ಒಬ್ಬಳು ಬಂದಿದ್ದಳು. ಮೂವತ್ತು ವರ್ಷದ ಗೃಹಿಣಿ, ಮಿತಭಾಷಿ, ವಿಧೇಯಳು. ನಾವು ಅವಳನ್ನು ಹೊಸಬಳು ಎಂದೇ ಕರೆಯುತ್ತಿದ್ದೆವು. ಠಣಕ್ಕ ಅವಳನ್ನೂ ಹಂಚಿಗೆ ಬೆನ್ನು ಮಾಡಿಸಿ ಕೂರಿಸಿ ಪಾಠ ಹೇಳುತ್ತಿದ್ದಳು.

"ಇದು?"

"ಠಣ್ ಅಕ್ಕ."

"ಸರಿ. ಇದು?"

"ಡಬ್."

"ಸರಿ. ಇದು?"

"ಇದೂ ಠಣ್ ಅಕ್ಕ."

"ಅಯ್ಯೋ ನಿನ್ನ! ಕಿವೀಲಿ ಹತ್ತಿ ತುರುಕಿಕೊಂಡು ಬಂದಿದ್ದೀಯಾ? ಇದು ಡಬ್. ಇನ್ನೊಂದು ಸಲ ಕೇಳು."

"...ಡಬ್ ಅಕ್ಕ."

ಹೊಸಬಳು ಎರಡು ತಿಂಗಳು ಹೀಗೆ ಹೂಂಗುಟ್ಟಿದಳು. ಶಿಷ್ಯೆಯಾದವಳು ಗುರುವನ್ನು ಹೇಗೆ ಅನುಮಾನಿಸಿಯಾಳು? ತನ್ನನ್ನೇ ಅನುಮಾನಿಸಿದಳು. ರಾತ್ರಿಯೆಲ್ಲ ಅಡುಗೆಮನೆಯ ತಟ್ಟೆ ಲೋಟ ಬಡಿದು ಅಭ್ಯಾಸ ಮಾಡಿ ಅತ್ತೆಯ ಕೈಲಿ ಬೈಸಿಕೊಂಡಳು. ಕೊನೆಗೆ, ಪುಡಿ ಯಂತ್ರಕ್ಕೆ ಇನ್ನು ಐದು ದಿನವಿರುವಾಗ, ಒಂದು ಬೆಳಿಗ್ಗೆ ರಜೆ ಹಾಕಿ ಕಿವಿ ವೈದ್ಯರ ಬಳಿ ಹೋದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೈಯಲ್ಲಿ ಒಂದು ಕಾಗದ ಹಿಡಿದು ಬಂದಳು. ಅದರಲ್ಲಿ ನೆಟ್ಟಗಿನ ಒಂದು ಗೆರೆ, ಅಲ್ಲಲ್ಲಿ ಚುಕ್ಕೆ.

"ಅಕ್ಕ, ನನ್ನ ಕಿವಿ ಚೆನ್ನಾಗಿದೆಯಂತೆ" ಎಂದು ಸಂತೋಷದಿಂದ ಹೇಳಿದಳು. "ಸೊಳ್ಳೆ ಯೋಚನೆ ಮಾಡಿದ್ರೂ ಕೇಳಿಸತ್ತೆ ಅಂದ್ರು ಡಾಕ್ಟ್ರು. ನನಗೇನೂ ತೊಂದರೆ ಇಲ್ಲವಂತೆ!"

ಬುತ್ತಿಯ ಮುಂದೆ ಕೂತಿದ್ದ ಎಂಟು ಹೆಂಗಸರ ಕೈ ಒಟ್ಟಿಗೇ ನಿಂತಿತು. ಕಲಿಯುವವಳ ಕಿವಿ ಸರಿಯಿದ್ದರೆ, ಭಟ್ಟಿಯವನು ಬೆಂಕಿ ಸರಿಯಿದೆ ಎಂದು ಆಣೆ ಮಾಡಿದರೆ, ಉಳಿದದ್ದು ಏನು? ಈ ಕೂಡು ಕಳೆ ಮಾಡಲು ಗುಮಾಸ್ತ ಬೇಕಾಗಿರಲಿಲ್ಲ. ಹೊಸಬಳಿಗೆ ಮಾತ್ರ ಅದು ತಡವಾಗಿ ಹೊಳೆಯಿತು. ಹೊಳೆದದ್ದೇ ಮುಖ ಬಿಳಿಚಿಕೊಂಡು, ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಕೊಡು ಇಲ್ಲಿ" ಎಂದಳು ಠಣಕ್ಕ. ತಗೊಂಡು, ತಲೆಕೆಳಗಾಗಿ ಹಿಡಿದು ನೋಡಿದಳು. "ಡಾಕ್ಟ್ರು ಹಂಚು ಬಡಿದು ನೋಡಿದ್ರಾ?"

"ಇಲ್ಲ ಅಕ್ಕ. ಒಂದು ಪೆಟ್ಟಿಗೆಯಿಂದ ಸಣ್ಣ ಸಣ್ಣ ಸದ್ದು ಬರತ್ತೆ, ಕೇಳಿಸಿದ್ರೆ ಕೈ ಎತ್ತಬೇಕು."

"ಪೆಟ್ಟಿಗೆ!" ಎಂದು ಠಣಕ್ಕ ಕಾಗದವನ್ನು ನಾಲ್ಕಾಗಿ ಮಡಿಸಿ ಹಿಂದಕ್ಕೆ ಕೊಟ್ಟಳು. "ಪೆಟ್ಟಿಗೆಗೆ ಏನು ಗೊತ್ತು ಹಂಚಿನ ವಿಷಯ?" ಎಲ್ಲರೂ ನಕ್ಕರು. ಅವಶ್ಯಕತೆಗಿಂತ ಜೋರಾಗಿಯೇ ನಕ್ಕರು. ಆದರೆ ಠಣಕ್ಕ ಊಟ ಪೂರ್ತಿ ಮಾಡಲಿಲ್ಲ. ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತಟ್ಟುತ್ತ ಕೂತಳು. ಬಲಗಿವಿಗೆ ಹಿಡಿದು ತಟ್ಟಿದಳು, ಎಡಗಿವಿಗೆ ಹಿಡಿದು ತಟ್ಟಿದಳು. ನಾನು ಕಿಟಕಿಯಿಂದ, ಅಂದರೆ ರಾಶಿಯ ಮೇಲೆ ಉಳಿದಿದ್ದ ಅಂಗೈ ಅಗಲದ ಕಿಟಕಿಯಿಂದ, ನೋಡುತ್ತಿದ್ದೆ.

ಅದೇ ಕಿಂಡಿಯಿಂದ ಮರುದಿನ ಇನ್ನೊಂದನ್ನು ನೋಡಿದೆ. ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಒಳಗಿದ್ದಾಗ ಮೇಸ್ತ್ರಿ ಕಳ್ಳಹೆಜ್ಜೆ ಇಡುತ್ತ ರಾಶಿಯ ಹಿಂದೆ ಬಂದ. ಸುತ್ತ ನೋಡಿ ಒಂದು ಹಂಚೆತ್ತಿದ. ಜೇಬಿನಿಂದ ಒಂದು ಬೋಲ್ಟು ತೆಗೆದು ಬಡಿದ.

ಠಣ್.

ನನಗೇ ಕೇಳಿಸಿತು. ಇನ್ನೊಂದು. ಠಣ್. ಇನ್ನೊಂದು. ಡಬ್. ಇನ್ನೊಂದು, ಇನ್ನೊಂದು, ಠಣ್, ಠಣ್. ಹತ್ತರಲ್ಲಿ ಎಂಟು ದೇವಸ್ಥಾನದ ಗಂಟೆಯ ಹಾಗೆ ನುಡಿದವು. ಮೇಸ್ತ್ರಿಗೆ ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಅವನು ಹಂಚನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟ.

ನಾನು ಹೊರಗೆ ಹೋದೆ. ನನ್ನನ್ನು ನೋಡಿ ಬೋಲ್ಟು ಜೇಬಿಗೆ ತುರುಕಿದ.

"ಮೇಸ್ತ್ರಿ, ಈಗಲೇ ಮಾಲೀಕರಿಗೆ ಫೋನು ಮಾಡ್ತೀನಿ. ನಿಮ್ಮ ಭಟ್ಟಿ ಬಚಾವಾಯ್ತು."

"ಬೇಡಿ."

"ಬೇಡ ಅಂದ್ರೆ?"

"ಗುಮಾಸ್ತರೇ, ನೀವು ಏನೂ ನೋಡಿಲ್ಲ, ಏನೂ ಕೇಳಿಲ್ಲ."

"ಮುವ್ವತ್ತು ವರ್ಷದ ಕೆಲಸ ರೀ!"

"ಭಟ್ಟಿ ಹೋದ್ರೆ ಇನ್ನೊಂದು ಭಟ್ಟಿ ನೋಡ್ಕೋತೀನಿ. ಅವಳಿಗೆ ಇನ್ನೊಂದು ಕಿವಿ ಎಲ್ಲಿಂದ ತರಲಿ?" ಎಂದು ಎದ್ದು ಚಡ್ಡಿಯ ಧೂಳು ಕೊಡವಿಕೊಂಡ. "ವರ್ಷದಿಂದ ಗೊತ್ತು ನನಗೆ. ನಾನು ಬಾಗಿಲಿಂದ ಕರೆದ್ರೆ ತಿರುಗಲ್ಲ. ಜಗಳಕ್ಕೆ ಕೇಳಿಸದ ಹಾಗೆ ಮಾಡ್ತಾಳೆ ಅಂದ್ಕೊಂಡಿದ್ದೆ. ಜಗಳ ಇಲ್ಲದಾಗಲೂ ತಿರುಗಲಿಲ್ಲ. ಹಂಚಿನ ವಿಷಯದಲ್ಲೂ ಹೀಗೇ ಅಂತ ಮಾತ್ರ... ಇವತ್ತೇ ಗೊತ್ತಾಗಿದ್ದು."

ಅವನು ಹೋದ ಮೇಲೆ ನಾನು ನಾಲ್ಕು ದಿನ ಒದ್ದಾಡಿದೆ. ಫೋನಿನ ಮೇಲೆ ಕೈಯಿಡುವುದು, ತೆಗೆಯುವುದು. ಮಾಲೀಕರಿಗೆ ಹೇಳಿದರೆ ಹೆಂಡತಿ ಹೋಗುತ್ತಾಳೆ, ಹೇಳದಿದ್ದರೆ ಗಂಡ ಹೋಗುತ್ತಾನೆ. ನನ್ನ ಹೆಂಡತಿಯನ್ನು ಕೇಳಿದೆ. "ನಿಮ್ಮನ್ನ ಯಾರು ಕೇಳಿದ್ರು?" ಎಂದಳು. ಈ ಪ್ರಶ್ನೆ ನನ್ನ ಜೀವನದ ಎಷ್ಟೋ ತೊಡಕುಗಳನ್ನು ಬಿಡಿಸಿದೆ. ಈ ಸಲ ಬಿಡಿಸಲಿಲ್ಲ.

ಪುಡಿ ಯಂತ್ರ ಬಂತು. ಲಾರಿಯ ಮೇಲೆ ಕೂತು ಬರುವ ಆ ಯಂತ್ರವನ್ನು ನಡೆಸುವವನಿಗೆ ತಾನೇ ಯಮ ಎಂಬ ಭಾವನೆ. ಕೈಗವಸು ತೊಟ್ಟು, ಎದೆ ಮುಂದೆ ಮಾಡಿ, "ಎಲ್ಲಿ, ಎಷ್ಟಿದೆ?" ಎನ್ನುತ್ತ ಇಳಿದವನು ರಾಶಿ ನೋಡಿ, "ಇಷ್ಟೊಂದಾ?" ಎಂದು ಎದೆ ಹಿಂದಕ್ಕೆ ಎಳೆದುಕೊಂಡ. ಮಾಲೀಕರು ಬಂದರು. ಕೆಲಸ ನಿಂತು ಎಲ್ಲರೂ ಅಂಗಳಕ್ಕೆ ಬಂದರು. ನನ್ನ ಕಿಟಕಿ ಪೂರ್ತಿ ಮುಚ್ಚಿತ್ತು. ಅಳತೆ ಮಾಡಬೇಕಾದ ಪ್ರಮೇಯವೇ ಇರಲಿಲ್ಲ.

"ಏನ್ ಮೇಸ್ತ್ರಿ?" ಎಂದರು ಮಾಲೀಕರು.

ಮೇಸ್ತ್ರಿ ನೆಲ ನೋಡುತ್ತ ಮೆಲ್ಲಗೆ ಹೇಳಿದ: "ಭಟ್ಟಿಯ ದೋಷವೇ ಸಾರ್. ನನಗೆ ವಯಸ್ಸಾಯ್ತು, ಬೆಂಕಿ ಹದ ಸಿಗ್ತಿಲ್ಲ. ಹೊಸಬರನ್ನ ಕರೆಸಿಕೊಳ್ಳಿ. ನಾನು ಇವತ್ತಿಗೆ ಬಿಡ್ತೀನಿ."

ಮಾಲೀಕರು ಕೂಡ ಇದನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ತಯಾರಾಗಿ ಬಂದವರು ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. ಠಣಕ್ಕ ದೂರದಲ್ಲಿ ನಿಂತಿದ್ದಳು. ಗಂಡ ತಲೆ ಬಗ್ಗಿಸಿದ್ದರಿಂದ ಅವನ ತುಟಿ ಕಂಡಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಸುತ್ತಿಗೆ ತೊಡೆಯ ಮೇಲೆ ಟಕ ಟಕ ಬಡಿಯುತ್ತಿತ್ತು.

"ಏನಂದ್ರು ಇವರು?"

ಹೊಸಬಳು ಅಳುಮುಖ ಮಾಡಿಕೊಂಡು ಅವಳ ಎದುರಿಗೆ ಬಂದು ನಿಂತು ಹೇಳಿದಳು. "ತಪ್ಪೆಲ್ಲ ತಮ್ಮದೇ ಅಂದ್ರು ಅಕ್ಕ. ಬಿಟ್ಟು ಹೋಗ್ತಾರಂತೆ."

ಸುತ್ತಿಗೆ ನಿಂತಿತು.

ಮೂವತ್ತು ವರ್ಷದಲ್ಲಿ ಮೇಸ್ತ್ರಿ ಒಂದೇ ಒಂದು ಸಲ, ಒಂದೇ ಒಂದು ಹಂಚಿನ ವಿಷಯದಲ್ಲೂ, ತಪ್ಪು ತನ್ನದೆಂದು ಒಪ್ಪಿಕೊಂಡವನಲ್ಲ. ಮುರಿದು ಬಿರುಕು ತೋರಿಸಿದಾಗಲೂ ಮಣ್ಣು ಕಲಸಿದವನನ್ನು ಬೈದವನು. ಇದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ಅವಳು ಗಂಡನ ಬೋಳುತಲೆಯನ್ನು ತುಸು ಹೊತ್ತು ದಿಟ್ಟಿಸಿದಳು. ಆಮೇಲೆ ನೆಟ್ಟಗೆ ರಾಶಿಯ ಬಳಿ ಹೋಗಿ ತಾನು ತಳ್ಳಿದ ಒಂದು ಹಂಚನ್ನು ಎತ್ತಿದಳು.

"ಬಾ ಇಲ್ಲಿ" ಎಂದು ಹೊಸಬಳ ಕೈಗೆ ಹಂಚು ಕೊಟ್ಟಳು. ಸುತ್ತಿಗೆಯನ್ನೂ ಕೊಟ್ಟಳು. ಆ ಸುತ್ತಿಗೆ ಅವಳ ಕೈಬಿಟ್ಟದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. "ಬಡಿ."

"ಅಕ್ಕ, ನೀವು ತಳ್ಳಿದ್ದು..."

"ಬಡಿ ಅಂದೆ."

ಹೊಸಬಳು ಬಡಿದಳು. ಠಣಕ್ಕ ಹಂಚಿನ ಕಡೆ ನೋಡಲಿಲ್ಲ. ನಮ್ಮ ಕಡೆ ನೋಡುತ್ತಿದ್ದಳು. ಹಂಚು ಠಣ್ ಎಂದಿತು. ನಮ್ಮೆಲ್ಲರ ಮುಖ ಏನಾಯಿತೋ ನನಗೆ ಗೊತ್ತಿಲ್ಲ, ಮಾಲೀಕರ ಹುಬ್ಬು ಮಾತ್ರ ಕನ್ನಡಕ ದಾಟಿ ಮೇಲೆ ಹೋಯಿತು.

"ಇನ್ನೊಂದು."

ಠಣ್. ಯಂತ್ರದವನು ಬಾಯಿ ತೆರೆದ.

"ಇನ್ನೊಂದು."

ಆರು ಹಂಚು ಹಾಗೆ ಬಡಿಸಿದಳು. ಆರು ಸಲವೂ ನಮ್ಮ ಮುಖಗಳನ್ನು ಒಂದರ ನಂತರ ಒಂದರಂತೆ, ಹಂಚು ವಿಂಗಡಿಸುವ ಹಾಗೆಯೇ, ನೋಡುತ್ತ ಹೋದಳು. ಕೊನೆಗೆ ಗಂಡನ ಮುಂದೆ ಬಂದು ನಿಂತಳು. ಹದಿನಾರು ದಿನದಿಂದ ಮಗಳ ಮೂಲಕ ಮಾತಾಡುತ್ತಿದ್ದವಳು ನೇರವಾಗಿ ಕೇಳಿದಳು.

"ರೀ, ಏನಂತು ಅದು?"

ಮೇಸ್ತ್ರಿ ತಲೆಯೆತ್ತಿ, ಗಟ್ಟಿಯಾಗಿ, ಅವಳಿಗೆ ಕೇಳಿಸುವ ಹಾಗೆ ಹೇಳಿದ. "ಡಬ್."

ಯಂತ್ರದವನು "ಅಯ್ಯೋ, ಠಣ್ ಅಂತ..." ಎಂದು ಶುರು ಮಾಡಿದವನು, ಎಂಟು ಹೆಂಗಸರು ಒಟ್ಟಿಗೇ ತಿರುಗಿ ನೋಡಿದ್ದಕ್ಕೆ ಬಾಯಿಗೆ ಕೈಗವಸು ಅಡ್ಡ ಹಿಡಿದ.

"ನಿಮಗೆ ಸುಳ್ಳು ಹೇಳೋಕೆ ಯಾವತ್ತೂ ಬರಲಿಲ್ಲ" ಎಂದಳು ಠಣಕ್ಕ. ಮಾಲೀಕರತ್ತ ತಿರುಗಿದಳು. "ಸಾರ್, ಯಂತ್ರ ವಾಪಸ್ ಕಳಿಸಿ. ಹಂಚು ಚೆನ್ನಾಗಿದೆ. ಭಟ್ಟಿ ಚೆನ್ನಾಗಿದೆ. ನನ್ನ ಕಿವಿ ಹೋಗಿದೆ. ಒಂದು ವಾರದಿಂದ ಅನುಮಾನ ಇತ್ತು." ಆಮೇಲೆ ತಾನೇ ತಿದ್ದಿ, "ಒಂದು ವಾರ ಅಲ್ಲ. ಒಂದು ವರ್ಷದಿಂದ" ಎಂದಳು.

ಮಾಲೀಕರು "ಹೂಂ" ಎಂದರು. ಮೊದಲ ಬಾರಿಗೆ ಆ ಹೂಂ ಎಂಬುದಕ್ಕೆ ಏನೋ ಅರ್ಥವಿದ್ದಂತೆ ತೋರಿತು. ಕೊಡೆ ಬಿಚ್ಚಲಿಲ್ಲ.

ರಾಶಿಯನ್ನು ಮತ್ತೆ ಬಡಿದು ಮುಗಿಸಲು ಹೊಸಬಳಿಗೆ ಎಂಟು ದಿನ ಹಿಡಿಯಿತು. ಹತ್ತಕ್ಕೆ ಎಂಟು ಬಲಕ್ಕೆ ಹೋದವು. ನನ್ನ ಮೇಜಿಗೆ ಬೆಳಕು ಬಂತು. ಎಷ್ಟು ಬೆಳಕೆಂದರೆ, ವರ್ಷದಿಂದ ಬರೆದ ತಪ್ಪುಗಳೆಲ್ಲ ಕಾಣತೊಡಗಿದವು. ಮೇಸ್ತ್ರಿ ಭಟ್ಟಿಯಲ್ಲೇ ಉಳಿದ. ಠಣಕ್ಕನನ್ನು ಮಗಳು ಕಿವಿ ವೈದ್ಯರ ಬಳಿ ಕರೆದೊಯ್ದಳು. ಸಣ್ಣ, ತೆಳ್ಳನೆಯ, ಎತ್ತರದ ಸದ್ದುಗಳು ಅವಳ ಕಿವಿಯಿಂದ ಮೊದಲು ಕಳಚಿಕೊಂಡಿವೆ. ಮಂದವಾದ ದಪ್ಪ ಸದ್ದುಗಳು ಮಾತ್ರ ಉಳಿದಿವೆ. ಅದಕ್ಕೇ ಒಳ್ಳೆಯ ಹಂಚಿನ ಠಣ್ ಕೂಡ ಅವಳಿಗೆ ಡಬ್ ಎಂದೇ ಕೇಳುತ್ತಿತ್ತು ಎಂದು ವೈದ್ಯರು ವಿವರಿಸಿದರು. ಇಪ್ಪತ್ತಾರು ವರ್ಷ ಕಿವಿಯಿಂದ ಒಂದಡಿ ದೂರದಲ್ಲಿ ಕಬ್ಬಿಣ ಬಡಿದದ್ದರ ಫಲವಂತೆ. ಠಣ್ ಕೇಳಿ ಕೇಳಿಯೇ ಠಣ್ ಹೋಗಿತ್ತು. ಇದನ್ನು ಕೇಳಿದ ಮೇಲೆ ಮಾಲೀಕರು ಹೊಸಬಳಿಗೆ ಕಿವಿಗೆ ತುರುಕಿಕೊಳ್ಳುವ ರಬ್ಬರಿನ ಬಿರಡೆ ತಂದುಕೊಟ್ಟರು. ಅದನ್ನು ಹಾಕಿಕೊಂಡರೆ ಹಂಚು ಕೇಳಿಸುವುದಿಲ್ಲ, ತೆಗೆದರೆ ಕಿವಿ ಉಳಿಯುವುದಿಲ್ಲ. ಒಂದು ಗಂಟೆ ಬಡಿದು ಒಂದು ಗಂಟೆ ಬೇರೆ ಕೆಲಸ ಮಾಡುವುದೆಂದು ಕೊನೆಗೆ ಠಣಕ್ಕನೇ ನಿಯಮ ಮಾಡಿದಳು.

ಠಣಕ್ಕನಿಗೆ ಕಿವಿಯ ಹಿಂದೆ ಕೂರುವ ಒಂದು ಯಂತ್ರ ಬಂತು. ಸಮಾಧಾನ ಬರಲಿಲ್ಲ. "ಲೋಕದಲ್ಲಿ ಇಷ್ಟು ಗಲಾಟೆ ಇದೆ ಅಂತ ಯಾರಾದ್ರೂ ಹೇಳಬಾರದಿತ್ತಾ?" ಎಂದು ನಮ್ಮ ಮನೆಗೆ ಬಂದು ಜಗಳ ಆಡಿದಳು. ಪ್ಲಾಸ್ಟಿಕ್ ಚೀಲ ಕಿರುಚುತ್ತದಂತೆ. ಚಪ್ಪಲಿ ಮಾತಾಡುತ್ತದಂತೆ. ಗಂಡ ಊಟ ಮಾಡುವ ಸದ್ದು ಕೇಳಿ ಮೂರು ದಿನ ಅವನನ್ನು ಹಿತ್ತಲಿನಲ್ಲಿ ಕೂರಿಸಿದಳಂತೆ. ಯಂತ್ರದ ಕಿವಿಯಲ್ಲಿ ಹಂಚು ತಗಡಿನ ಡಬ್ಬಿಯಂತೆ ಕೇಳುತ್ತದೆ, ಅದನ್ನು ನಂಬಿ ತಾನು ಒಂದು ಹಂಚನ್ನೂ ಬಲಕ್ಕೆ ಕಳಿಸುವುದಿಲ್ಲ ಎಂದಳು. ಹಾಗಾಗಿ ಸುತ್ತಿಗೆ ಹೊಸಬಳ ಬಳಿಯೇ ಉಳಿಯಿತು. ಠಣಕ್ಕ ಈಗ ಸೊಟ್ಟ ಹಂಚು, ಮೂಲೆ ಮುರಿದ ಹಂಚುಗಳನ್ನು ಕಣ್ಣಿಂದ ಆರಿಸುತ್ತಾಳೆ. ಆರಿಸುತ್ತ ಕೂರದೆ ಎದ್ದೆದ್ದು ಹೋಗಿ ಹೊಸಬಳ ಹಿಂದೆ ನಿಲ್ಲುತ್ತಾಳೆ, ಬರುತ್ತಾಳೆ, ಮತ್ತೆ ಹೋಗುತ್ತಾಳೆ. ಅವಳ ಬಲಗೈ ಬೆರಳುಗಳು ಇಲ್ಲದ ಸುತ್ತಿಗೆಯನ್ನು ಹಿಡಿದು ಆಡುತ್ತಲೇ ಇರುತ್ತವೆ. ಅದನ್ನು ನೋಡುವಾಗ ನಾನು ಲೆಡ್ಜರಿನಲ್ಲಿ ಏನಾದರೂ ಹುಡುಕುತ್ತೇನೆ.

ಹೋದ ವಾರ ಒಂದು ಸಂಜೆ ಮೇಸ್ತ್ರಿ ಭಟ್ಟಿಯ ಬಾಗಿಲಿನ ಇಟ್ಟಿಗೆ ತೆಗೆಯುತ್ತಿದ್ದ. ಒಳಗೆ ಹಂಚು ಇನ್ನೂ ತಣಿಯುತ್ತಿತ್ತು. ಠಣಕ್ಕ ಮನೆಗೆ ಹೊರಡಲು ಅವನಿಗಾಗಿ ಕಾಯುತ್ತ ಚಡಪಡಿಸುತ್ತಿದ್ದಳು. ನಾನು ಬೀಗದ ಕೈ ಹಿಡಿದು ನಿಂತಿದ್ದೆ. ಇದ್ದಕ್ಕಿದ್ದಂತೆ ಅವಳು ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದಳು. ಕಿವಿಯ ಹಿಂದಿನ ಯಂತ್ರ ಸರಿಮಾಡಿಕೊಂಡು ತಲೆ ಓರೆ ಮಾಡಿದಳು.

"ಕೇಳಿಸ್ತಾ?"

ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಕತ್ತಲ ಭಟ್ಟಿಯೊಳಗಿಂದ ತೀರ ಸಣ್ಣಗೆ, ಟಿಣ್. ಸ್ವಲ್ಪ ಬಿಟ್ಟು ಮತ್ತೊಂದು, ಟಿಣ್.

"ಹಂಚು ತಣಿಯೋ ಸದ್ದು" ಎಂದ ಮೇಸ್ತ್ರಿ, ಇಟ್ಟಿಗೆ ಕೈಯಲ್ಲೇ ಹಿಡಿದು. ಅವನ ಮುಖ ಅರಳಿತ್ತು. "ಕಿವಿಗೆ ಯಂತ್ರ ಬರೋ ಮುಂಚೆ ವರ್ಷವಿಡೀ ಭಟ್ಟಿ ಮುಂದೆ ನಿನ್ನನ್ನ ನಿಲ್ಲಿಸಿ 'ಕೇಳು' ಅಂತಿದ್ದೆ. ನೀನು ಹೂಂ ಹೂಂ ಅಂತಿದ್ದೆ. ಎಲ್ಲಾ ಸುಳ್ಳಾ?"

"ಎಲ್ಲಾ ಸುಳ್ಳು" ಎಂದಳು ಅವಳು ನಾಚಿಕೆಯಿಲ್ಲದೆ. ಇನ್ನೂ ಕೇಳುತ್ತಿದ್ದಳು. ಮತ್ತೊಂದು ಸಲ ಟಿಣ್ ಎಂದಿತು, ಈ ಸಲ ತುಸು ಗಡುಸಾಗಿ. ಅವಳ ಹುಬ್ಬು ಗಂಟಿಕ್ಕಿತು.

"ತಣಿಯೋ ಸದ್ದಲ್ಲ ಅದು. ಎಡಗಡೆ, ಕೆಳಗಿನ ಸಾಲು. ಒಂದು ಸೀಳಿತು."

"ಏನಿಲ್ಲ."

"ಸೀಳಿತು ಅಂದೆ. ತಣ್ಣನೆ ಗಾಳಿ ಬಿಟ್ಟಿದ್ದೀರ. ಬಾಗಿಲು ಒಂದು ದಿನ ಮೊದಲೇ ತೆಗೆದಿದ್ದೀರ!"

"ನನಗೆ ಭಟ್ಟಿ ಕಲಿಸೋಕೆ ಬರಬೇಡ."

"ಮುಚ್ಚಿ ಮೊದಲು ಆ ಬಾಗಿಲು!"

"ಮುಚ್ಚಲ್ಲ!"

ಇಟ್ಟಿಗೆ ಹಿಡಿದ ಕೈಯನ್ನು ಅವನು ಆಡಿಸಿದ, ಬರಿಗೈಯನ್ನು ಅವಳು ಆಡಿಸಿದಳು. ನಾನು ಬೀಗದ ಕೈಯನ್ನು ಮೆಲ್ಲಗೆ ಮೊಳೆಗೆ ನೇತುಹಾಕಿ ಮನೆಗೆ ಹೊರಟೆ. ಅವರ ಸದ್ದು ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು. ಮರುದಿನ ಬೆಳಿಗ್ಗೆ ಭಟ್ಟಿಯ ಬಾಗಿಲಿನ ಇಟ್ಟಿ​ಗೆಗಳೆಲ್ಲ ಮತ್ತೆ ಜಾಗಕ್ಕೆ ಸೇರಿದ್ದವು.